ಅತಿ ಚೊಕ್ಕ ಡಿಎನ್‌ಎ

೨೦೧೯ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ನಳಿಕೆಯನ್ನು ಗರಗರ ತಿರುಗಿಸಿ ಭಾರದ್ದನ್ನು ಕೆಳಗಿಳಿಸುವ ಸೆಂಟ್ರಿಫ್ಯೂಜ್ ನಿಂತಿತು. ಸಂಶೋಧಕಿ ನಳಿಕೆಯನ್ನು ದೀಪಕ್ಕೆ ಹಿಡಿದಳು. ಮೇಲೆ ಒಂದೇ ಒಂದು ಬಿಳಿ ಪಟ್ಟಿ: ವೈರಸ್ಸಿನ ಹಗುರವಾದ ಖಾಲಿ ಚಿಪ್ಪುಗಳು. ಡಿಎನ್‌ಎ ತುಂಬಿ ಭಾರವಾದ ಚಿಪ್ಪುಗಳು ಕೆಳಗೆ ಇನ್ನೊಂದು ಪಟ್ಟಿಯಾಗಿ ನಿಲ್ಲಬೇಕಿತ್ತು. ಅಲ್ಲಿ ಏನೂ ಇರಲಿಲ್ಲ.

ಇದು ಏಳನೆಯ ಸಲ. ಚರಂಡಿ ನೀರಿನಲ್ಲಿ ಸಿಕ್ಕ ಈ ಹೊಸ ವೈರಸ್ಸು ಮೊದಲು ಚಿಪ್ಪು ಕಟ್ಟಿಕೊಂಡು, ಆಮೇಲೆ ಅದರ ಬಾಯಲ್ಲಿರುವ ಪುಟ್ಟ ಮೋಟಾರಿನಿಂದ ಡಿಎನ್‌ಎ ಎಳೆಯನ್ನು ಒಳಗೆಳೆದುಕೊಳ್ಳುತ್ತದೆ. ಅದನ್ನೇ ನಳಿಕೆಯಲ್ಲಿ ಮಾಡಿಸಬೇಕೆಂದು ಅವಳ ಹಟ. ಕೊಳೆ ಕಂಡರಾಗದವಳು, ಡಿಎನ್‌ಎಗೆ ಅಂಟಿಕೊಂಡ ಪ್ರೋಟೀನನ್ನೆಲ್ಲ ಕಿಣ್ವ ಹಾಕಿ ತೊಳೆದೇ ಕೊಡುತ್ತಿದ್ದಳು. ಆದರೂ ಮೋಟಾರು ಮೂಸಿಯೂ ನೋಡುತ್ತಿರಲಿಲ್ಲ. ವಿಭಾಗದ ಮೇಡಂ ಮುಂದಿನ ಗುರುವಾರದವರೆಗೆ ಗಡುವು ಕೊಟ್ಟರು. ಆಮೇಲೆ ಈ ಕೆಲಸಕ್ಕೆ ಬೀಗ.

ಸಂಜೆ ಮನೆಯಲ್ಲಿ ಅವಳ ಅತ್ತೆ, ಮಾವನ ಪೈಜಾಮ ಹಿಡಿದು ಕೂತಿದ್ದರು. ಸೊಸೆ ಅದರ ಲಾಡಿಯನ್ನೂ ಎಳೆದು ತೆಗೆದು ಒಗೆದಿದ್ದಳು. ಟವೆಲು ಸುತ್ತಿಕೊಂಡ ಮಾವ, ಈ ಮನೆಯಲ್ಲಿ ಇನ್ನೂ ಒಗೆಸಿಕೊಳ್ಳದೆ ಉಳಿದಿರುವುದು ತಾನೊಬ್ಬನೇ ಎಂದು ಗೊಣಗುತ್ತಿದ್ದರು.

ಅತ್ತೆ ಲಾಡಿಯ ಎರಡೂ ತುದಿ ತಡಕಿದರು. “ಇದಕ್ಕೆ ಪಿನ್ನು ಚುಚ್ಚಿಟ್ಟಿದ್ನಲ್ಲ, ಎಲ್ಲಿ ಹೋಯ್ತಮ್ಮಾ?”

“ತುಕ್ಕು ಹಿಡಿಯುತ್ತೆ ಅಂತ ತೆಗೆದ್ಬಿಟ್ಟೆ ಅತ್ತೆ.”

“ಚೊಕ್ಕ ಮಾಡ್ದೆ, ಸರಿ. ಹಿಡಿದು ಎಳೆಯೋಕೆ ತುದೀಲಿ ಏನಾದ್ರೂ ಬೇಡ್ವಾ? ಬರೀ ಲಾಡಿ ತಾನಾಗೇ ಒಳಗೆ ಹೋಗುತ್ತಾ?”

ಸೊಸೆ ಲಾಡಿಯ ಬರಿ ತುದಿಯನ್ನೇ ನೋಡಿದಳು. ಡಿಎನ್‌ಎ ತುದಿಗೆ ಅಂಟಿದ್ದ ಪ್ರೋಟೀನು ಕೊಳೆಯಲ್ಲದಿದ್ದರೆ? ಮೋಟಾರಿಗೆ ಬೇಕಾದ ಹಿಡಿಕೆಯೇ ಅದಾಗಿದ್ದರೆ? ಏಳು ಸಲವೂ ತಾನೇ ಕೈಯಾರೆ ಅದನ್ನು ತೊಳೆದು ಚರಂಡಿಗೆ ಸುರಿದಿದ್ದಳಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಗು ಉಕ್ಕಿತು. ಏನಾಯಿತೆಂದು ಮಾವ ಕೇಳಿದ್ದಕ್ಕೆ, ಸೊಸೆಗೆ ಲಾಡಿಯ ಹುಚ್ಚು ಹಿಡಿದಿದೆ, ನೀವು ಸುಮ್ಮನಿರಿ ಎಂದರು ಅತ್ತೆ.

ಸೋಮವಾರ ಅವಳು ಹೊಸದಾಗಿ ಡಿಎನ್‌ಎ ತೆಗೆದಳು. ಹೋಲಿಕೆಗೆಂದು ಅರ್ಧ ಭಾಗವನ್ನು ಮೊದಲಿನಂತೆಯೇ ತೊಳೆದಳು. ಉಳಿದರ್ಧದ ಸರದಿ ಬಂದಾಗ, ಅಭ್ಯಾಸದಿಂದ ಕಿಣ್ವದ ಬಾಟಲಿಯತ್ತ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಎರಡನ್ನೂ ಬೇರೆಬೇರೆಯಾಗಿ ಖಾಲಿ ಚಿಪ್ಪುಗಳೊಂದಿಗೆ ಬೆರೆಸಿ ತಿರುಗಿಸಿದ್ದ ನಳಿಕೆಗಳು ಬುಧವಾರ ಮಧ್ಯಾಹ್ನ ಹೊರಬಂದವು. ತೊಳೆದ ಡಿಎನ್‌ಎ ಹಾಕಿದ್ದರಲ್ಲಿ ಅದೇ ಒಂಟಿ ಪಟ್ಟಿ. ಇನ್ನೊಂದರಲ್ಲಿ ಎರಡು. ಮೇಡಂ ಕನ್ನಡಕ ಹಣೆಗೇರಿಸಿ, ಮೂಗು ನಳಿಕೆಗೆ ತಾಗುವಷ್ಟು ಬಾಗಿ ನೋಡಿದರು. ಬೀಗದ ಮಾತೇ ಎತ್ತದೆ, ಮುಂದಿನ ಆರು ತಿಂಗಳಿಗೆ ಏನೇನು ಬೇಕೋ ಪಟ್ಟಿ ಮಾಡಿ ಕೊಡು ಎಂದರು. ಇದು ಹೊಳೆದದ್ದು ಹೇಗೆ ಎಂದೂ ಕೇಳಿದರು.

“ನಮ್ಮತ್ತೆ ಹೇಳಿದ್ರು ಮೇಡಂ.”

“ಹೌದಾ, ಅವ್ರು ಯಾವ ವಿಭಾಗ?”

ಅವಳು ನಗು ತಡೆದುಕೊಂಡು, ನಳಿಕೆಯ ಪಕ್ಕಕ್ಕೆ ಅಳತೆಪಟ್ಟಿ ಹಿಡಿದು, ಪುಸ್ತಕದಲ್ಲಿ ಬರೆದಳು: ಕೆಳಗಿನ ಪಟ್ಟಿ, ದಪ್ಪ ೩.೫ ಮಿಲಿಮೀಟರ್.