ಎಡಕ್ಕೆ ವಾಲಿದ ಗಾಡಿ

ಕೊನೆಯ ಬಕೆಟ್ಟನ್ನೂ ಆರ್ಡಿಸ್ ತಾನೇ ಎತ್ತಿಕೊಂಡಳು. ಮಡಚುಕುರ್ಚಿಯಲ್ಲಿ ಕೂತಿದ್ದ ಹಾರ್ಲನ್ ಅರ್ಧ ಎದ್ದು, ಕೊಡು ನಾನು ಸುರಿದು ಬರ್ತೀನಿ ಅಂದ. "ಬೇಡ, ಕೂತ್ಕೋ. ನಿನ್ನ ಸೊಂಟ ಮೊದಲೇ ಸರಿಯಿಲ್ಲ" ಎಂದು ಅವಳು ಬಕೆಟ್ಟಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಹೆಜ್ಜೆಹೆಜ್ಜೆಗೂ ಮೊಣಕಾಲಿಗೆ ತಾಗಿಸಿಕೊಳ್ಳುತ್ತ ಬತ್ತಿದ ಹಳ್ಳದ ಕಡೆ ನಡೆದಳು. ಸ್ವಲ್ಪ ಹೊತ್ತಿನಲ್ಲಿ ಕಲ್ಲು ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿಸಿತು. ಅವಳು ಖಾಲಿ ಬಕೆಟ್ ಹಿಡಿದು ಬಂದು, ಅದನ್ನು ಗಾಡಿಯ ಪಕ್ಕ ಬೋರಲು ಹಾಕಿ, ಕೈ ತೊಳೆದುಕೊಂಡು ಅಡುಗೆಗೆ ಹೋದಳು.

ಹಿಮ ಬೀಳುವ ಮುಂಚೆ ಮಿನೆಸೋಟ ಬಿಟ್ಟು, ತಮ್ಮ ಹಳೆಯ ಮೋಟಾರ್‌ಹೋಮಿನಲ್ಲಿ ಅರಿಜೋನಾದ ಈ ಬಯಲಿಗೆ ಬಂದು ಚಳಿಗಾಲ ಕಳೆಯುವುದು ಗಂಡಹೆಂಡಿರ ರೂಢಿ. ದಾರಿಯಲ್ಲಿ ಗಾಡಿ ನಿಂತಲ್ಲೆಲ್ಲ ಆರ್ಡಿಸ್ ಇಳಿದು ಒಂದು ಕಲ್ಲು ಎತ್ತಿಕೊಳ್ಳುತ್ತಿದ್ದಳು. ಕೆಲವು ಬೆಳಕಿಗೆ ಹಿಡಿದರೆ ಜೇನಿನಂತೆ ಹೊಳೆಯುವಂಥವು. ಹೆಚ್ಚಿನವು ಹೊಲದ ಬದುವಿನಲ್ಲಿ ಬಿದ್ದಿರುವಂಥ ಸಾದಾ ಕಲ್ಲು. ಯಾವುದರ ಮೇಲೂ ಅವಳು ಊರಿನ ಹೆಸರು ಬರೆದಿರಲಿಲ್ಲ. ಕೈಗೆತ್ತಿಕೊಂಡರೆ ನೆನಪಾಗುತ್ತದೆ ಅನ್ನುತ್ತಿದ್ದಳು. ಹಾಸಿಗೆಯ ಅಡಿಗೆ, ಗಾಡಿಯ ಎಡಮಗ್ಗುಲಿನ ಗೂಡಿನಲ್ಲಿ ಅವು ವರ್ಷದಿಂದ ವರ್ಷಕ್ಕೆ ತುಂಬುತ್ತ ಬಂದಿದ್ದವು.

ಅವನ್ನು ಎಸೆಯಲು ಕಾರಣವಾದದ್ದು ಶನಿವಾರದ ಊಟದಲ್ಲಿ ಬಂದ ಮಾತು. ಬಯಲಿನ ಹತ್ತಾರು ಮನೆಯವರು ಒಬ್ಬೊಬ್ಬರು ಒಂದೊಂದು ಪಾತ್ರೆ ಹಿಡಿದು ಬಂದು, ಬೆಂಕಿಯ ಸುತ್ತ ಕೂತಿದ್ದರು. ಒಕ್ಲಹೋಮದ ರಾಯ್ಸ್, ತಟ್ಟೆಯಲ್ಲಿ ಬೀನ್ಸ್ ಬಡಿಸಿಕೊಳ್ಳುತ್ತ, ಎಲ್ಲರಿಗೂ ಕೇಳುವ ಹಾಗೆ, "ಏನಪ್ಪಾ ಹಾರ್ಲನ್, ನಿನ್ನ ಮುದುಕಿ ಎಡಗಾಲು ಕುಂಟ್ತಾ ಇದಾಳಲ್ಲ. ಊರಿಗೆಲ್ಲ ಗಾಳಿ ವೈದ್ಯ, ಮನೇಲೇ ರೋಗಿ" ಅಂದ. ಅವನು ಹೇಳಿದ್ದು ಗಾಡಿಯ ಮಾತು. ನೀರು ತುಂಬಿಸಿಕೊಂಡು ಬರುವಾಗ ಗಾಡಿ ಎಡಕ್ಕೆ ವಾಲಿದ್ದನ್ನು ಅವನು ನೋಡಿದ್ದ.

ಈ ಗಾಡಿಗಳ ಹಿಂಭಾಗವನ್ನು ಹೊರುವುದು ಉಕ್ಕಿನ ಪಟ್ಟಿಗಳಲ್ಲ, ಗಾಳಿ ತುಂಬಿದ ರಬ್ಬರ್ ಚೀಲಗಳು. ಹಾರ್ಲನ್ ಡುಲೂತ್‌ನ ಬಸ್ ಡಿಪೋದಲ್ಲಿ ಕೂದಲು ಹಣ್ಣಾಗುವವರೆಗೆ ಇಂಥ ಚೀಲಗಳನ್ನೇ ರಿಪೇರಿ ಮಾಡಿದವನು. ಬಯಲಿನಲ್ಲಿ ಯಾರ ಗಾಡಿ ಕೂತರೂ ಅವನನ್ನೇ ಕರೆಯುತ್ತಿದ್ದರು. ಹಾಗಾಗಿ ರಾಯ್ಸ್‌ನ ಮಾತು ಚುಚ್ಚಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟ: "ಗಾಡಿದೇನೂ ತಪ್ಪಿಲ್ಲ ಮಾರಾಯ. ನನ್ನ ಹೆಂಡತಿ ಎಡಗಡೆ ಅರ್ಧ ಬೆಟ್ಟ ಹೇರ್ಕೊಂಡಿದಾಳೆ. ಅವಳು ಕಲ್ಲು ತುಂಬ್ತಾಳೆ, ನಾನು ಡೀಸೆಲ್ ತುಂಬ್ತೀನಿ."

ಎಲ್ಲರೂ ನಕ್ಕರು. ಆರ್ಡಿಸ್ ಕೂಡ ನಕ್ಕಳು. ಆಮೇಲೆ ಕೈಯಲ್ಲಿದ್ದ ಬೋಗುಣಿಯನ್ನು ನೋಡುತ್ತ ಕೂತಳು. ಮರುದಿನ ಬೆಳಿಗ್ಗೆ ತಿಂಡಿ ಮುಗಿದ ಮೇಲೆ, ಯಾರೂ ಹೇಳದೆ, ಗೂಡಿನ ಬಾಗಿಲು ತೆಗೆದಳು.

ಕಲ್ಲು ಹೋದ ಮೇಲೂ ಗಾಡಿ ವಾಲಿತು. ಸೋಮವಾರ ನೀರಿಗೆ ಹೋಗಿ ಬಂದು ಹಾರ್ಲನ್ ದೂರ ನಿಂತು ನೋಡಿದ. ಎಡಮಗ್ಗುಲು ಹಾಗೆಯೇ ಕುಸಿದಿತ್ತು. ಅವನಿಗೆ ಆಶ್ಚರ್ಯವಾಗಲಿಲ್ಲ, ಆಗಬೇಕಿತ್ತು ಅನ್ನಿಸಿ ಇರುಸುಮುರುಸಾಯಿತು.

ಹಿಂದಿನ ಚಕ್ರಗಳನ್ನು ಮರದ ದಿಮ್ಮಿಗಳ ಮೇಲೆ ಹತ್ತಿಸಿದ. ಗಾಡಿಯ ಚೌಕಟ್ಟಿನ ಅಡಿಗೆ ಎರಡೂ ಕಡೆ ಉಕ್ಕಿನ ಆಧಾರ ಇಟ್ಟ. ಗಾಳಿಯನ್ನು ನಂಬಿ ಗಾಡಿಯ ಕೆಳಗೆ ನುಸುಳುವವನು ಎದ್ದು ಬರುವುದಿಲ್ಲ ಎಂದು ಡಿಪೋದ ಹುಡುಗರಿಗೆಲ್ಲ ಹೇಳಿಕೊಟ್ಟವನೇ ಅವನು. ಆರ್ಡಿಸ್ ಚಾಲಕನ ಸೀಟಿನಲ್ಲಿ ಕೂತು ಎಂಜಿನ್ ಓಡಿಸುತ್ತ, ಗಾಳಿಯ ಒತ್ತಡ ತೋರಿಸುವ ಮುಳ್ಳನ್ನು ನೋಡುತ್ತಿದ್ದಳು. ಅವನು ಅಂಗಾತ ಮಲಗಿ ಒಳಗೆ ಸರಿದು, ಚೀಲದ ಮಡಿಕೆಗಳಿಗೆ, ಕೊಳವೆಯ ಸಂದುಗಳಿಗೆ ಸೋಪಿನ ನೀರು ಚಿಮುಕಿಸಿದ. ಎಲ್ಲೂ ಒಂದು ಗುಳ್ಳೆ ಏಳಲಿಲ್ಲ. ರಬ್ಬರ್ ಹಳೆಯದಾದರೂ ಸೀಳು ಬಿಟ್ಟಿರಲಿಲ್ಲ. ಟೇಪು ಹಿಡಿದು ಅಳೆದ. ಎಡಚೀಲ ಬಲಚೀಲಕ್ಕಿಂತ ಒಂದು ಹೆಬ್ಬೆರಳಿನಷ್ಟು ಗಿಡ್ಡ.

ಆಮೇಲೆ ಟಾರ್ಚನ್ನು ಎಡಚೀಲದ ವಾಲ್ವಿನ ಕಡೆ ತಿರುಗಿಸಿದ. ಆಕ್ಸೆಲ್‌ನಿಂದ ವಾಲ್ವಿಗೆ ಒಂದು ಸಣ್ಣ ಸರಳು ಹೋಗುತ್ತದೆ. ಗಾಡಿ ತಗ್ಗಿದರೆ ಸರಳು ವಾಲ್ವಿನ ತೋಳನ್ನು ಎತ್ತಿ ಚೀಲಕ್ಕೆ ಗಾಳಿ ಬಿಡುತ್ತದೆ, ಏರಿದರೆ ಇಳಿಸುತ್ತದೆ. ಭಾರ ಎಷ್ಟೇ ಹೇರಿ, ಎತ್ತರ ಅಷ್ಟೇ. ಈ ಮಾತನ್ನು ಅವನು ಬಯಲಿನಲ್ಲಿ ಎಷ್ಟು ಜನರಿಗೆ ಹೇಳಿಲ್ಲ! ಈಗ ನೋಡಿದರೆ ಸರಳನ್ನು ಕಚ್ಚಿ ಹಿಡಿಯುವ ಹಿಡಿಕೆ ಇರಬೇಕಾದಲ್ಲಿ ಇರದೆ ಕೆಳಗಿತ್ತು. ಬರುವಾಗ ನೆಬ್ರಾಸ್ಕದಲ್ಲಿ ಸರಳಿನ ತುದಿಯ ರಬ್ಬರ್ ಹರಿದಿತ್ತು. ಮಳೆ ಬರುವಂತಿತ್ತು, ಆರ್ಡಿಸ್ ನಾಳೆ ನೋಡಿದರಾಯಿತು ಅಂದಿದ್ದಳು, ಇವನು ಕೇಳದೆ ಅವಸರದಲ್ಲಿ ಹೊಸದನ್ನು ಹಾಕಿ ಬಿಗಿದಿದ್ದ. ಆ ನಂತರ ಅಲ್ಲಿಗೆ ಇನ್ನೊಬ್ಬರ ಕೈ ಹೋಗಿರಲಿಲ್ಲ.

ನಟ್ಟು ಸಡಿಲಿಸಿ, ಹಿಡಿಕೆಯನ್ನು ಮೇಲಕ್ಕೆ ಸರಿಸಿ ಬಿಗಿದ. ಬುಸ್ಸೆಂದು ಗಾಳಿ ನುಗ್ಗಿತು. ಮಲಗಿದ್ದ ಹಸು ಹಿಂಗಾಲು ಊರಿ ಏಳುವ ಹಾಗೆ ಗಾಡಿ ನಿಧಾನವಾಗಿ ಎದ್ದಿತು. ಎರಡೂ ಕಡೆ ಮತ್ತೆ ಅಳೆದ. ಸರಿಸಮ.

ಮೇಲಿನಿಂದ ಆರ್ಡಿಸಳ ದನಿ ಬಂತು. "ಎದ್ದಿತು ಹಾರ್ಲನ್! ಸೀಟಲ್ಲೇ ಗೊತ್ತಾಯ್ತು. ನೋಡು, ಕಲ್ಲು ತೆಗೆದಿದ್ದು ಒಳ್ಳೇದೇ ಆಯ್ತು."

ಅವನ ಎದೆಯ ಮೇಲೆ ಸ್ಪ್ಯಾನರ್ ಇತ್ತು. "ಹೂಂ" ಅಂದ.

ಮರುದಿನ ಬೆಳಿಗ್ಗೆ ರಾಯ್ಸ್ ಮತ್ತು ಅವನ ಹೆಂಡತಿ ಮೇವಿಸ್ ಕಾಫಿಗೆ ಬಂದರು. ಯಾರೂ ಕೇಳದಿದ್ದರೂ ಆರ್ಡಿಸ್ ತಾನೇ ಮಾತು ತೆಗೆದು, ಹಾರ್ಲನ್ ಹೇಳಿದ್ದೇ ನಿಜ, ಇಷ್ಟು ವರ್ಷ ಗಾಡಿಗೆ ಸುಮ್ಮನೆ ತ್ರಾಸು ಕೊಟ್ಟೆ ಅಂದಳು. ಮೇವಿಸ್ ಅವಳ ಕೈ ತಟ್ಟಿ, ನಮ್ಮನೇಲೂ ಹೀಗೇ ಕಣೇ, ಇವನ ಮೀನಿನ ಗಾಳದ ರಾಶಿ ಹೊರಗೆ ಎಸೆಯೋರು ಯಾರು ಅಂದಳು. ರಾಯ್ಸ್ ಹಾರ್ಲನ್‌ನ ಬೆನ್ನು ಚಪ್ಪರಿಸಿ ವೈದ್ಯರೇ ಎಂದು ಕರೆದ. ಹಾರ್ಲನ್ ಕಾಫಿ ಲೋಟ ಕೆಳಗಿಟ್ಟ. ಹೆಂಡತಿಯ ಮುಖ ನೋಡಲಾಗದೆ ಅವಳ ಕೈ ನೋಡಿದ. ಬಕೆಟ್ಟಿನ ಹಿಡಿ ಒತ್ತಿ, ಅಂಗೈಯಲ್ಲಿ ಒಂದು ಗೆರೆ ಇನ್ನೂ ಕೆಂಪಗಿತ್ತು.

ಅವರು ಹೋದದ್ದೇ ತಡ, ಅವನು ಬಕೆಟ್ ಹಿಡಿದು ಹಳ್ಳಕ್ಕೆ ಇಳಿದ. ಅವಳು ಸುರಿದ ಜಾಗ ಸಿಕ್ಕಿತು, ಕಲ್ಲು ಸಿಗಲಿಲ್ಲ. ಈ ಬಯಲಿನಲ್ಲಿ ಎಲ್ಲರೂ ನೆಲ ನೋಡಿಕೊಂಡೇ ತಿರುಗುವವರು. ಹೊಳೆಯುವುದನ್ನೆಲ್ಲ ಎರಡು ದಿನದಲ್ಲಿ ಆರಿಸಿಕೊಂಡು ಹೋಗಿದ್ದರು. ಉಳಿದವು ಸಾದಾ ಕಲ್ಲುಗಳು. ಹಳ್ಳದ ತುಂಬ ಇದ್ದದ್ದೂ ಅವೇ. ಒಂದನ್ನು ಎತ್ತಿಕೊಂಡ, ಇದಿರಬಹುದೇ ಅಂದುಕೊಂಡ, ಇಟ್ಟ. ಇನ್ನೊಂದನ್ನು ಎತ್ತಿದ. ಆ ಕಲ್ಲುಗಳ ಮೇಲೆಯೇ ಇಷ್ಟು ವರ್ಷ ಮಲಗಿದ್ದ. ಒಂದನ್ನೂ ಒಮ್ಮೆಯೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ.

"ಏನು ಹುಡುಕ್ತಾ ಇದೀಯ?" ದಂಡೆಯ ಮೇಲೆ ಆರ್ಡಿಸ್ ನಿಂತಿದ್ದಳು.

ಅವನು ನಿಂತಲ್ಲೇ ಹೇಳಿದ. ಸರಳಿನ ವಿಷಯ, ನೆಬ್ರಾಸ್ಕದ ವಿಷಯ, ತಾನೇ ತಪ್ಪಾಗಿ ಬಿಗಿದದ್ದು. ಕಲ್ಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ ಅಂದ. ಹೇಳುವಾಗ ಕೈಯಲ್ಲಿದ್ದ ಕಲ್ಲನ್ನು ಎಲ್ಲಿಡಬೇಕೋ ತಿಳಿಯದೆ ಹಿಡಿದೇ ಇದ್ದ.

"ಯಾವಾಗ ಗೊತ್ತಾಯ್ತು?"

"ನಿನ್ನೆ. ಕೆಳಗೆ ಹೋದಾಗ."

"ಅದಲ್ಲ. ಅವತ್ತು ಎಲ್ಲರ ಮುಂದೆ ಅಂದ್ಯಲ್ಲ, ಆಗ ಗೊತ್ತಿರ್ಲಿಲ್ವಾ? ಭಾರಕ್ಕೆ ವಾಲಲ್ಲ ಅಂತ?"

"ಗೊತ್ತಿತ್ತು."

ಆರ್ಡಿಸ್ ದಂಡೆಯಿಂದ ಮೆಲ್ಲಗೆ ಇಳಿದು ಬಂದಳು. ಅವನು ಕೈ ಚಾಚಿದ; ಅವಳು ಹಿಡಿಯಲಿಲ್ಲ. ಅವನ ಕೈಯಲ್ಲಿದ್ದ ಕಲ್ಲನ್ನು ನೋಡಿ, ಅದು ನಮ್ಮದಲ್ಲ ಅಂದಳು. ಆಮೇಲೆ ಮಂಡಿಯೂರಿ ಆರಿಸತೊಡಗಿದಳು. ಒಂದೊಂದನ್ನು ತಿರುಗಿಸಿ ನೋಡುವಳು, ಬಕೆಟ್ಟಿಗೆ ಹಾಕುವಳು. ಇದು ಸೇತುವೆ ಹತ್ತಿರ ಟೈರ್ ಒಡೆದಾಗಿಂದು, ಇದು ನಿನಗೆ ಜ್ವರ ಬಂದು ನಿಂತಿದ್ವಲ್ಲ ಅಲ್ಲಿಂದು ಎಂದು ತನ್ನಷ್ಟಕ್ಕೇ ಅಂದಳು. ಅವನಿಗೆ ಸೇತುವೆಯೂ ನೆನಪಿರಲಿಲ್ಲ. ಬಕೆಟ್ ಅರ್ಧ ತುಂಬಿದ ಮೇಲೂ ಅವಳು ಅದೇ ಜಾಗವನ್ನು ಮತ್ತೆ ಮತ್ತೆ ಕೆದಕುತ್ತಿದ್ದಳು. ಯಾವುದು ಬೇಕು ಎಂದು ಅವನು ಕೇಳಿದ. ಸುಪೀರಿಯರ್ ಸರೋವರದ ದಂಡೆಯದು, ಬೂದು ಬಣ್ಣ, ಸುತ್ತ ಬಿಳಿ ಗೆರೆ. ತಂಗಿ ಲೋರ್ನಾ ಆಸ್ಪತ್ರೆ ಸೇರುವ ಹಿಂದಿನ ದಿನ ಎತ್ತಿಕೊಟ್ಟದ್ದು, ಅಂದಳು. ಅವನೂ ಮಂಡಿಯೂರಿದ. ಬಿಸಿಲು ನೆತ್ತಿಗೆ ಬರುವ ತನಕ ಹುಡುಕಿದರು. ಸಿಗಲಿಲ್ಲ.

"ಸಾಕು" ಎಂದು ಅವಳು ಎದ್ದಳು. ಲಂಗದ ಮಣ್ಣು ಕೊಡವಿಕೊಂಡು, ಅವನ ಕಡೆ ತಿರುಗದೆ, "ನಂಗೊಬ್ಬಳಿಗೆ ಹೇಳಿದ್ರೆ ಆಗಲ್ಲ ಹಾರ್ಲನ್. ನೀನು ಅವರನ್ನ ನಗಿಸಿದ್ದು ಅಲ್ಲಿ" ಅಂದಳು.

ಆ ಸಂಜೆ ಅವನು ಒಬ್ಬನೇ ಬೆಂಕಿಯ ಹತ್ತಿರ ಹೋದ. ಕೂರಲಿಲ್ಲ. ಟೋಪಿ ತೆಗೆದು, ಗಾಡಿ ವಾಲಿದ್ದು ನನ್ನ ಕೆಲಸದ ತಪ್ಪಿನಿಂದ, ಆರ್ಡಿಸಳ ಕಲ್ಲಿನಿಂದಲ್ಲ, ಅದು ಗೊತ್ತಿದ್ದೂ ಹಾಗಂದೆ ಎಂದ. ರಾಯ್ಸ್ ತಮಾಷೆ ಮಾಡಲು ಬಾಯಿ ತೆರೆದ; ಮೇವಿಸ್ ಅವನ ತೋಳು ಹಿಡಿದು ತಡೆದಳು. ಯಾರೋ ಬೆಂಕಿಗೆ ಕಟ್ಟಿಗೆ ಸರಿಸಿದರು. ಕೂತ್ಕೋ ಎಂದು ಒಬ್ಬರೂ ಹೇಳಲಿಲ್ಲ, ಹೇಳಿದ್ದರೂ ಅವನಿಂದ ಆಗುತ್ತಿರಲಿಲ್ಲ.

ಗಾಡಿಯೊಳಗೆ ದೀಪ ಹೊತ್ತಿತ್ತು. ಆರ್ಡಿಸ್ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲುಗಳನ್ನು ತಿಕ್ಕುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. ಹೇಳಿ ಬಂದೆ ಅಂದ. ಅವಳು ತಿರುಗಲಿಲ್ಲ. ತೊಳೆದ ಕಲ್ಲೊಂದನ್ನು ಹಾಗೇ ಹಿಂದಕ್ಕೆ ಚಾಚಿದಳು. ಅವನು ಎರಡೂ ಅಂಗೈ ಸೇರಿಸಿ ಹಿಡಿದ. ಕಲ್ಲು ತಣ್ಣಗಿತ್ತು, ನೀರು ಬೆರಳುಗಳ ಸಂದಿನಿಂದ ಸೋರಿ ನೆಲಕ್ಕೆ ಹನಿಯುತ್ತಿತ್ತು. ಅವನು ಒರೆಸುವ ಬಟ್ಟೆಗಾಗಿ ಸುತ್ತ ನೋಡಿದ. ಅದು ಅವಳ ಹೆಗಲ ಮೇಲಿತ್ತು.