ಮೊಳಕೆಗೆ ಚಿಮಟ

ನಿಂತ ಗಡಿಯಾರ ಕಂಡರೆ ಬಿಚ್ಚಿ ನೋಡುವವರೆಗೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ರಿಪೇರಿ ಕಸುಬಿನಲ್ಲಿ ಅನ್ನ ಕೊಟ್ಟ ಗುಣವೇ ಅದು. ಮಣ್ಣಿನಲ್ಲಿ ಹೂತ ಬೀಜದ ಮೇಲೂ ಅದೇ ಚಾಳಿ ತೋರಿಸಲು ಹೋದನಲ್ಲ, ಎಡವಟ್ಟಾದದ್ದು ಅಲ್ಲಿ.

ಬೀಜ ಅವನ ಅಕ್ಕನದು. ತಾಯಿ ಹೋದ ಮೇಲೆ ಅವನನ್ನು ಸಾಕಿ ಸಲಹಿ, ಕಸುಬಿಗೆ ಹಚ್ಚಿದವಳು ಅವಳೇ. ಹಿತ್ತಿಲಿನಲ್ಲಿ ಅವಳು ವರ್ಷವರ್ಷವೂ ಬೆಳೆಯುತ್ತಿದ್ದ ಮೆಣಸಿನಕಾಯಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಈ ಸಲ ಬೀಜದ ಡಬ್ಬಿಗೇ ಇಲಿ ಬಾಯಿ ಹಾಕಿ, ಒಂದು ಚಿಟಿಕೆಯಷ್ಟು ಮಾತ್ರ ಉಳಿದಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಕ್ಕ, ಸ್ಟ್ರೆಚರ್ ಮೇಲೆ ಮಲಗಿಕೊಂಡೇ ಆ ಚಿಟಿಕೆ ಬೀಜದ ಪೊಟ್ಟಣವನ್ನು ಅವನ ಕೈಗೆ ತುರುಕಿದ್ದಳು.

"ಹೊರಗೆ ಚಳಿ. ಮನೆಯೊಳಗೇ ಮೊಳಕೆ ಬರಿಸು. ನಾನು ಬರೋ ಹೊತ್ತಿಗೆ ನೆಡೋ ಹಾಗಿರ್ಲಿ," ಅಂದಿದ್ದಳು. ಹಲ್ಲು ಕಚ್ಚಿ ನೋವು ತಡೆದುಕೊಂಡಿದ್ದವಳ ಬಾಯಿಂದ ಬಂದ ಮಾತು ಅದೊಂದೇ.

ಆಪರೇಷನ್ ಆಯಿತು. ಎದ್ದು ನಿಲ್ಲುವುದು ಯಾವಾಗ ಎಂದು ಕೇಳಿದಾಗಲೆಲ್ಲ ಡಾಕ್ಟರು "ನೋಡೋಣ" ಎನ್ನುತ್ತಿದ್ದರು. ಅಕ್ಕ ಇನ್ನು ಏಳದೇ ಹೋದರೆ ಎಂಬ ಭಯ ಅವನನ್ನು ಹಿಡಿಯಿತು. ಮೊಳಕೆ ಬಂದರೆ ಅಕ್ಕನೂ ಎದ್ದಾಳು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ತಾನೇ ತಲೆಗೆ ಹಚ್ಚಿಕೊಂಡಿದ್ದ.

ಮೊಳಕೆಯೋ, ಬರಲೊಲ್ಲದು. ಬೀಜ ಹೂತ ಮಣ್ಣಿನ ಟ್ರೇಯನ್ನು ಕಿಟಕಿಯ ಬಳಿ ಇಟ್ಟ. ಗಾಜು ತಣ್ಣಗಿದೆಯೆಂದು ಫ್ರಿಜ್ಜಿನ ತಲೆಯ ಮೇಲಿಟ್ಟ. ಅಲ್ಲಿ ಮಣ್ಣು ಒಣಗಿತೆಂದು ನೀರು ಸುರಿದ. ನೀರು ಹೆಚ್ಚಾಯಿತೆಂದು ಒಲೆಯ ಪಕ್ಕಕ್ಕೆ ತಂದ. ಪ್ಲಾಸ್ಟಿಕ್ ಹೊದಿಸಿದ, ಬೂಷ್ಟು ಹಿಡಿದೀತೆಂದು ಮತ್ತೆ ಕಿತ್ತ. ಗಿರಾಕಿ ಎದುರಿಗೆ ನಿಂತು ಮಾತಾಡುತ್ತಿದ್ದರೂ ಜೀವವೆಲ್ಲ ಟ್ರೇ ಮೇಲೆ. ಊಟಕ್ಕೆಂದು ಮನೆಗೆ ಬಂದವನು ತಟ್ಟೆ ಬಿಟ್ಟು ಅದರ ಮುಂದೆ ಹೋಗಿ ಕೂರುತ್ತಿದ್ದ.

"ಅದನ್ನ ಒಂದು ಕಡೆ ಇರೋಕೆ ಬಿಡ್ರೀ," ಅಂದಳು ಹೆಂಡತಿ. "ಮೆಣಸು ಮೊದ್ಲೇ ಸೋಮಾರಿ. ಬುಡ ಬೆಚ್ಚಗಿದ್ರೆ ತಾನಾಗೇ ಬರತ್ತೆ. ಹೀಗೆ ಮನೆಯೆಲ್ಲ ಮೆರವಣಿಗೆ ಮಾಡಿಸಿದ್ರೆ ಯಾವ ಬೀಜ ತಾನೇ ಕಣ್ಣು ಬಿಡತ್ತೆ?"

"ಒಳಗೆ ಏನಾಗಿದೆ ಅಂತ ಗೊತ್ತಾಗ್ಬೇಕಲ್ಲ ಕಣೇ."

"ಗೊತ್ತಾಗಿ ಏನ್ಮಾಡ್ತೀರಿ? ಎಣ್ಣೆ ಬಿಡ್ತೀರಾ?"

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗಲೆಲ್ಲ ಅವನು ಗಡಿಯಾರ ರಿಪೇರಿಯ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಚಿಮಟದಿಂದ ಒಂದೊಂದೇ ಬೀಜ ಎತ್ತಿ, ತಿರುಗಿಸಿ ನೋಡಿ, ಮತ್ತೆ ಹೂಳುತ್ತಿದ್ದ. ಕೆದಕಿದ ಗುರುತೇ ಸಿಗದ ಹಾಗೆ ಮಣ್ಣು ಸವರಿ ಬಿಡುತ್ತಿದ್ದ. ಕೈಚಳಕಕ್ಕೇನೂ ಕಡಿಮೆಯಿರಲಿಲ್ಲ.

ಅಕ್ಕ ಫೋನಿನಲ್ಲಿ, "ಬಂತೇನೋ?" ಎಂದು ಕೇಳುವಳು. "ಬರ್ತಾ ಇದೆ ಅಕ್ಕ," ಅನ್ನುವನು. ಮೊದಮೊದಲು ಅದು ಆಸೆಯಾಗಿತ್ತು, ಬರಬರುತ್ತಾ ಸುಳ್ಳಾಯಿತು.

ಒಂದು ಬೆಳಿಗ್ಗೆ ಮಸೂರದಡಿಯಲ್ಲಿ ಬೀಜದ ತುದಿಗೆ ಏನೋ ಕಂಡಿತು. ಕೂದಲೆಳೆಯಂಥ ಬಿಳಿ ಬೇರು. ಅದರ ಮೂತಿ ಜಜ್ಜಿ ಕಪ್ಪಾಗಿತ್ತು. ಇನ್ನೊಂದನ್ನು ಎತ್ತಿದ, ಅದೂ ಹಾಗೆಯೇ. ಬೀಜ ಯಾವತ್ತೋ ಕಣ್ಣು ಬಿಟ್ಟಿತ್ತು. ಬಿಟ್ಟ ಕಣ್ಣನ್ನು ಇವನ ಚಿಮಟವೇ ಹಿಸುಕಿತ್ತು.

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದ ಹೆಂಡತಿಗೆ ನೋಡಿದ ಕೂಡಲೇ ಎಲ್ಲ ಅರ್ಥವಾಯಿತು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

"ಇನ್ನು ಈ ಟ್ರೇ ನನ್ನದು," ಎಂದು ಎತ್ತಿಕೊಂಡಳು. "ನೀವು ಹೋಗಿ ಅತ್ತಿಗೆ ಹತ್ರ ಕೂತ್ಕೊಳ್ಳಿ."

ಆಸ್ಪತ್ರೆಯಲ್ಲಿ ಅಕ್ಕನಿಗೆ ಎಲ್ಲವನ್ನೂ ಹೇಳಿಬಿಟ್ಟ.

"ಎಲ್ಲಾನೂ ಕೆದಕಿದ್ಯಾ?"

"ಮೂಲೇಲಿ ಒಂದಷ್ಟು ಉಳಿದಿವೆ."

ಅವನು ಎದ್ದು ಅವಳ ಹೊದಿಕೆ ಸರಿಪಡಿಸಿದ, ಕಾಲಿನ ಬಾವು ಇಳಿದಿದೆಯೇ ನೋಡಿದ, ನರ್ಸಿನ ಹತ್ತಿರ ಹೋಗಿ ಎದ್ದು ನಿಲ್ಲುವುದು ಯಾವಾಗ ಎಂಬ ಅದೇ ಪ್ರಶ್ನೆ ಕೇಳಿ ಬಂದ, ಬಂದವನೇ ಮತ್ತೆ ಹೊದಿಕೆ ಎತ್ತಿದ.

"ಯಾಕೋ ಕಾಲು ಸುಟ್ಟ ಬೆಕ್ಕಿನ ಹಾಗೆ ಆಡ್ತೀಯ?"

"ನೀನು ಏಳದೇ ಹೋದ್ರೆ ಅಂತ ಭಯ ಆಗತ್ತೆ ಅಕ್ಕ."

ಅಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು. "ನಂಗೂ ಭಯಾನೇ ಕಣೋ. ಆದ್ರೂ ಬಿದ್ಕೊಂಡಿದೀನಲ್ಲ."

ಆಮೇಲೆ ಅವನು ದಿನವೂ ಬರತೊಡಗಿದ. ಹಾಗೆ ಕೂತಿದ್ದಾಗಲೇ ಒಂದು ಮಧ್ಯಾಹ್ನ ಹೆಂಡತಿಯ ಫೋನು ಬಂತು. ಎರಡು ಮೊಳಕೆ ಕತ್ತು ಬಗ್ಗಿಸಿಕೊಂಡು ಮೇಲೆ ಬಂದಿವೆಯಂತೆ. ಅವನು ಆಗಲೇ ಚಪ್ಪಲಿಗೆ ಕಾಲು ತೂರಿಸಿದ್ದ.

"ಎಲ್ಲಿಗೆ?" ಅಂದಳು ಅಕ್ಕ.

"ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ."

"ಬಂದಿರೋದು ಎರಡು. ನೀನು ಹೋದ್ರೆ ಒಂದಾಗತ್ತೆ. ಕೂತ್ಕೋ."

ಅಷ್ಟರಲ್ಲಿ ನರ್ಸು ವಾಕರ್ ತಳ್ಳಿಕೊಂಡು ಬಂದಳು. ಇವತ್ತು ನಿಲ್ಲಿಸಿ ನೋಡಬೇಕಂತೆ. ಅವನು ಧಡಕ್ಕನೆ ಎದ್ದು ಅಕ್ಕನ ತೋಳಿಗೆ ಕೈಹಾಕಿದ.

"ನೀವು ಬಿಡಿ ಸಾರ್, ನಾನಿದೀನಿ," ಅಂದಳು ನರ್ಸು. "ಅವ್ರ ಬಲದ ಮೇಲೆ ಅವ್ರು ಏಳ್ಬೇಕು."

ಅವನು ಕುರ್ಚಿಗೆ ಮರಳಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತ. ಅಕ್ಕ ವಾಕರ್ ಹಿಡಿದಳು. ಮಂಡಿ ಗಡಗಡ ನಡುಗಿತು, ಒಮ್ಮೆ ಕುಸಿದು ಮತ್ತೆ ಮಂಚಕ್ಕೇ ಕೂತಳು, ಮತ್ತೆ ಹಿಡಿದಳು. ಅವನು ಏಳಲಿಲ್ಲ. ಅಕ್ಕ ಎದ್ದಳು.