ಒಂದು ತೇರ್ಸಿನಷ್ಟು ಜಾಗ

"ಪೆಟ್ಟಿಗೆ ಹಿಡ್ಕೊಳ್ಳಿ, ಜಾರ್ತದೆ," ಎನ್ನುತ್ತ ಅಣ್ಣು ಬಿದಿರಿನ ಕೋಲನ್ನು ಕೆಸರಿಗೆ ಊರಿ ದೋಣಿಯನ್ನು ತಡೆದ. ದೋಣಿ ಒಂದು ಬದಿಗೆ ವಾಲಿತು. ಹೆರಾಲ್ಡ್ ತನ್ನ ತಾಯಿಯ ಶವಪೆಟ್ಟಿಗೆಯನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದ. ಇನ್ನೊಂದು ತುದಿಗೆ ಅಣ್ಣುವಿನ ಮಗಳು ಭವ್ಯಶ್ರೀ ಮೊಣಕಾಲು ಆನಿಸಿದಳು.

ಎದುರಿಗೇ ಕಲ್ಯಾಣಪುರದ ಕಡವು, ದೋಣಿಗಳು ತಂಗುವ ಮೆಟ್ಟಿಲು. ಇಗರ್ಜಿಯಿಂದ ಬಂದವರು ಪೆಟ್ಟಿಗೆ ಹೊರಲು ಮೆಟ್ಟಿಲ ಮೇಲೆ ಕಾದು ನಿಂತಿದ್ದರು. ಆದರೆ ದೋಣಿ ತಾಗಿಸಲು ಜಾಗವಿರಲಿಲ್ಲ. ಪ್ರವಾಸಿಗರ ಎರಡು ದೊಡ್ಡ ಬೋಟುಗಳ ನಡುವೆ, ಒಂದು ದೋಣಿ ನುಗ್ಗುವಷ್ಟು ಅಗಲದ ಸಂದು ಯಾವಾಗಲೂ ಖಾಲಿ ಇರುತ್ತಿತ್ತು. ಇವತ್ತು ಅಲ್ಲೊಂದು ಹೊಸ ಮೋಟಾರು ಬೋಟು ನಿಂತಿತ್ತು. ಅದರ ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ.

"ಬಾಯಮ್ಮ ಕಣ್ಣು ಮುಚ್ಚಿದ್ದು ಮೊನ್ನೆ ಅಷ್ಟೆ," ಅಣ್ಣು ಹೇಳಿದ. "ಜಾಗ ಹೋಯ್ತು ನೋಡಿ."

ಮೆಟ್ಟಿಲುಗಳ ಆಚೀಚೆ ಸೊಂಟದವರೆಗೆ ಹೂತುಹೋಗುವ ಕೆಸರು. ಹೆಣ ಹೊತ್ತು ಅದರಲ್ಲಿ ಯಾರೂ ನಡೆಯಲಾರರು.

ಬೋಟುಗಳ ಮಾಲೀಕ ಸುಕೇಶ್ ಬಿಳಿ ಪ್ಯಾಂಟು, ಬಿಳಿ ಅಂಗಿ ತೊಟ್ಟು, ಕೈಯಲ್ಲಿ ದೊಡ್ಡದೊಂದು ಹೂವಿನ ಚಕ್ರ ಹಿಡಿದು ಮೇಲಿನ ಮೆಟ್ಟಿಲಲ್ಲಿದ್ದ.

"ಅದು ನಿಮ್ಮದಲ್ವಾ ಸುಕೇಶ್?" ಹೆರಾಲ್ಡ್ ಕೇಳಿದ.

"ನನ್ನದೇ ಪೊರ್ಬುಗಳೇ," ಎಂದ ಅವನು, ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ. "ನಿನ್ನೆ ಬಂದದ್ದು. ನೀವು ಆಂಬುಲೆನ್ಸಿನಲ್ಲಿ ಬರ್ತೀರಿ ಅಂತ ಗ್ರಹಿಸಿದೆ."

"ಕುದ್ರುವಿಗೆ ಆಂಬುಲೆನ್ಸು ಈಜಿಕೊಂಡು ಬರ್ಬೇಕಾ ಮಾರಾಯ?" ಅಣ್ಣು ಕೇಳಿದ.

ಹೊಸ ಬೋಟಿನಲ್ಲಿ ನೆಲ ಒರೆಸುತ್ತಿದ್ದ ಮಲ್ಲಿನಾಥ ಎದ್ದು ನಿಂತ. ಬಾಗಲಕೋಟೆ ಕಡೆಯವನು, ಕೆಲಸಕ್ಕೆ ಸೇರಿ ವಾರವಾಗಿರಲಿಲ್ಲ. "ಡ್ರೈವರ್ ಚಾವಿ ತಗೊಂಡು ಸಂತೆಕಟ್ಟೆಗೆ ಹೋಗ್ಯಾನ್ರೀ. ನಾ ಏನ್ ಮಾಡ್ಲಿ?"

"ಕೈಯಲ್ಲಿ ತಳ್ಳಿ ಆಚೆ ಹಾಕಿ," ಎಂದ ಅಣ್ಣು.

"ತಳ್ಳಿದ್ರೆ ಬದಿಯ ಬೋಟಿಗೆ ತಾಗಿ ಪೈಂಟು ಹೋಗ್ತದೆ. ಸ್ವಲ್ಪ ತಡೀರಿ, ಫೋನು ಮಾಡ್ತೇನೆ," ಎಂದು ಸುಕೇಶ್ ಮೊಬೈಲು ಕಿವಿಗಿಟ್ಟ.

ಭವ್ಯಶ್ರೀ ಆ ಸಂದನ್ನೇ ನೋಡುತ್ತಿದ್ದಳು. ಇವತ್ತು ಬಿಟ್ಟರೆ ಅದು ಮತ್ತೆಂದೂ ತೆರೆದುಕೊಳ್ಳುವುದಿಲ್ಲ ಎಂಬುದು ದೋಣಿಯಲ್ಲಿದ್ದ ಮೂವರಿಗೂ ಗೊತ್ತಿತ್ತು.

*

ಭವ್ಯಶ್ರೀ ಹುಟ್ಟಿದ್ದು ಈ ಕಡವಿನ ಎದುರಿಗೆ, ನೀರಿನ ಮೇಲೆ.

ಕುದ್ರು ಎಂದರೆ ಸ್ವರ್ಣಾ ನದಿಯ ನಡುವಿನ ತುಂಡು ನೆಲ. ಕೆಲವೇ ಮನೆಗಳು, ತೆಂಗು. ಸೇತುವೆಯಿಲ್ಲ. ಅಕ್ಕಿ, ಗ್ಯಾಸು, ಕಾಯಿಲೆಯವರು ಎಲ್ಲವೂ ದೋಣಿಯಲ್ಲೇ ದಾಟಬೇಕು. ಅಣ್ಣುವಿನ ಹೆಂಡತಿ ಅಪ್ಪಿಗೆ ಹೆರಿಗೆ ನೋವು ಶುರುವಾದ ದಿನ ಅವನೇ ದೋಣಿ ನಡೆಸಿದ್ದ, ನೆರೆಮನೆಯ ಆನ್ಸಿಲ್ಲಾ ಬಾಯಿ, ಹೆರಾಲ್ಡನ ತಾಯಿ, ಜೊತೆಗೆ ಹತ್ತಿದ್ದರು. ಕಡವಿನ ತುಂಬ ಮರಳಿನ ದೋಣಿಗಳು, ಬಲೆಯ ದೋಣಿಗಳು. ಯಾರದ್ದೋ ದೋಣಿ, ಯಾರೋ ಊಟಕ್ಕೆ ಹೋದವರು. ಕೂಗಿ ಕೂಗಿ ಅಣ್ಣುವಿನ ಗಂಟಲು ಒಡೆಯಿತು. ಮೆಟ್ಟಿಲು ಕಣ್ಣೆದುರಿಗೆ ಇರುವಾಗಲೇ ಮಗು ಬಾಯಿಯ ಸೆರಗಿಗೆ ಬಿತ್ತು.

ಮರುದಿನ ಬಾಯಿ ಜಪಸರ ಹಿಡಿದು ಮೆಟ್ಟಿಲ ಮೇಲೆ ಕುಳಿತರು.

"ಇದೊಂದು ಜಾಗ ಬಂದು ಹೋಗುವವರಿಗೆ," ಎಂದರು. "ಯಾರು ಬೇಕಾದ್ರೂ ಕಟ್ಟಿ. ನನ್ನ ತೇರ್ಸ್ ಮುಗಿಯುವವರೆಗೆ ಮಾತ್ರ. ಇಳಿಸುವುದು ಇಳಿಸಿ, ದೋಣಿಯನ್ನು ಆಚೆ ಕಾಂಡ್ಲಾ ಮರಕ್ಕೆ ಕಟ್ಟಿ ಬನ್ನಿ."

ತೇರ್ಸ್ ಎಂದರೆ ಜಪಸರದ ಐದು ಸುತ್ತಿನ ಪ್ರಾರ್ಥನೆ. ಬಾಯಿ ಅದನ್ನು ಅವಸರ ಮಾಡದೆ, ಕೊಂಕಣಿಯಲ್ಲಿ, ಗಟ್ಟಿಯಾಗಿ ಹೇಳುವರು. ಕೊನೆಯ ಮಣಿ ದಾಟಿದ ಮೇಲೂ ನಿಂತ ದೋಣಿಯಿದ್ದರೆ ಎದ್ದು ಹೋಗಿ ಹಗ್ಗ ಬಿಚ್ಚಿ ನೀರಿಗೆ ಬಿಡುವರು. ಮೊದಲು ಜಗಳವಾಯಿತು. ಪಂಚಾಯಿತಿಯವರು ಬಂದು, ಇಂಥ ನಿಯಮ ಎಲ್ಲಿಯೂ ಇಲ್ಲ ಎಂದರು. "ಈಗ ಉಂಟು," ಎಂದರು ಬಾಯಿ.

ಆಮೇಲೆ ಮರಳಿನ ದೋಣಿಗಳು ಹೋಗಿ ಸುಕೇಶನ ಬೋಟುಗಳು ಬಂದವು. ಒಂದು ಮಧ್ಯಾಹ್ನ ಅವನು ಆ ಸಂದಿನಲ್ಲೇ ಬೋಟು ಕಟ್ಟಿ ಬೆಂಗಳೂರಿನ ಗೆಸ್ಟುಗಳಿಗೆ ಊಟ ಬಡಿಸಿದ. ಬಾಯಿ ಐದು ಸುತ್ತು ಮುಗಿಸಿದರು, ಶಿಲುಬೆಯ ಗುರುತು ಮಾಡಿದರು, ಹಗ್ಗ ಬಿಚ್ಚಿದರು. ಕಾಣೆ ಮೀನಿನ ಫ್ರೈ ತಿನ್ನುತ್ತಿದ್ದವರು ಬೋಟು ಹೊರಟಿತೆಂದು ಚಪ್ಪಾಳೆ ತಟ್ಟಿದರು. ಸುಕೇಶ್ ದಡದಲ್ಲಿ ನಿಂಬೆಹಣ್ಣಿನ ತಟ್ಟೆ ಹಿಡಿದು ನಿಂತೇ ಇದ್ದ.

ಶಾಲೆಗೆ, ಮತ್ತೆ ಕಾಲೇಜಿಗೆ ಹೋಗಿ ಬರುವ ಭವ್ಯಶ್ರೀ ಸಂಜೆ ದೋಣಿ ಬರುವವರೆಗೆ ಬಾಯಿಯ ಪಕ್ಕ ಕೂರುತ್ತಿದ್ದಳು. ಮಾತು ಕಡಿಮೆ. ಮಣಿಪಾಲದ ಇಂಟರ್‌ವ್ಯೂ ಒಂದರಲ್ಲಿ "ಸ್ವಲ್ಪ ಜೋರಾಗಿ ಹೇಳಿ" ಎಂದು ಮತ್ತೆ ಮತ್ತೆ ಕೇಳಿ, ಕೊನೆಗೆ ಕೇಳುವುದನ್ನೇ ಬಿಟ್ಟಿದ್ದರು. ಅದನ್ನು ಹೇಳಿದಾಗ ಬಾಯಿ ನಕ್ಕಿದ್ದರು. "ಹುಟ್ಟಿದ ದಿನ ನಿನ್ನ ಸ್ವರ ಈ ದಡದಿಂದ ಆ ದಡಕ್ಕೆ ಕೇಳಿತ್ತು. ಒಳಗೆ ಉಂಟು ಅದು, ಎಲ್ಲಿಗೂ ಹೋಗ್ಲಿಲ್ಲ."

*

"ಫೋನು ತೆಗೀತಾ ಇಲ್ಲ," ಸುಕೇಶ್ ಹೇಳಿದ.

ಇಗರ್ಜಿಯ ಗಂಟೆ ಒಂದೊಂದಾಗಿ ಬಡಿಯುತ್ತಿತ್ತು. ಹೆರಾಲ್ಡ್ ಪೆಟ್ಟಿಗೆಯ ಹಿಡಿತ ಬದಲಿಸಿದ. "ಕೆಸರಿನಲ್ಲೇ ಇಳಿಸುವ ಅಣ್ಣು," ಎಂದ ಅವನು ಮೆಲ್ಲಗೆ. "ಎಂತ ಮಾಡುವುದು."

ಭವ್ಯಶ್ರೀ ಪೆಟ್ಟಿಗೆಯನ್ನು ನೋಡಿದಳು. ಜಪಸರ ಒಳಗಿತ್ತು, ಬಾಯಿಯ ಬೆರಳುಗಳಿಗೆ ಸುತ್ತಿ. ಮಣಿಯ ಬದಲು ಎಣಿಸಲು ಅವಳು ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿಗೆ ಇಟ್ಟಳು.

"ನಮಾನ್ ಮೋರಿಯೆ," ಎಂದು ತೇರ್ಸ್ ಶುರು ಮಾಡಿದಳು.

ಯಾರಿಗೂ ಕೇಳಿಸಲಿಲ್ಲ. ಕಾಲು ಅಗಲಿಸಿ, ದೋಣಿಯಲ್ಲಿ ಎದ್ದು ನಿಂತಳು. ಮತ್ತೊಮ್ಮೆ ಹೇಳಿದಳು. ಈ ಸಲ ಸ್ವರ ನೀರಿನ ಮೇಲೆ ಹೋಗಿ ಆಚೆ ದಡದ ಕಾಂಡ್ಲಾ ಮರಗಳಿಗೆ ಬಡಿದು ಬಂತು. ಅಣ್ಣು ತಿರುಗಿ ಮಗಳನ್ನು ನೋಡಿದ, ಕೋಲು ಕೈಯಿಂದ ಜಾರುವುದರಲ್ಲಿತ್ತು.

ತೇರ್ಸಿನಲ್ಲಿ ಅರ್ಧವನ್ನು ಒಬ್ಬರು ಹೇಳಬೇಕು, ಉಳಿದರ್ಧ ಎಲ್ಲರೂ. ಮೊದಲರ್ಧ ಮುಗಿಯುತ್ತಲೇ ಮೆಟ್ಟಿಲ ಮೇಲಿನವರ ಬಾಯಿ ತಾನಾಗಿ ತೆರೆಯಿತು. ಹೆರಾಲ್ಡ್ ಸೇರಿದ. ಮೀನಿನ ಬುಟ್ಟಿ ಇಟ್ಟು ನಿಂತ ಹೆಂಗಸರು, ಇಷ್ಟು ವರ್ಷ ಕೇಳಿದವರು, ಅವರೂ ಸೇರಿದರು. ಒಂದು ಸುತ್ತು ಮುಗಿಯಿತು. ಎರಡು.

"ಇವ್ರು ಏನ್ ಮಾಡ್ಲಾಕ್ಹತ್ಯಾರ್ರೀ?" ಮಲ್ಲಿನಾಥ ಕೇಳಿದ.

"ಗಡುವು ಕೊಡ್ತಾ ಇದ್ದಾರೆ," ಎಂದ ಸುಕೇಶ್. ಅವನ ಕಿವಿಯಲ್ಲಿ ಇನ್ನೂ ಫೋನಿತ್ತು. "ಐದು ಆದ್ರೆ ಬಿಚ್ಚುತ್ತಾರೆ."

"ಬಿಚ್ಚತಿದ್ದಾಕಿ ಹೆಣ ಪೆಟ್ಟಿಗ್ಯಾಗ ಐತಿ. ಇನ್ನ ಬಿಚ್ಚೋರ್ಯಾರ್ರೀ?"

ಸುಕೇಶ್ ಭವ್ಯಶ್ರೀಯತ್ತ ನೋಡಿದ. ಮೂರನೆಯ ಸುತ್ತಿನಲ್ಲಿ ಫೋನು ಜೇಬಿಗಿಟ್ಟ. ನಾಲ್ಕನೆಯದರಲ್ಲಿ ಹೂವಿನ ಚಕ್ರವನ್ನು ಯಾರದ್ದೋ ಕೈಗೆ ಕೊಟ್ಟ. ಐದನೆಯದರ ನಡುವೆ ಅವನ ತುಟಿಗಳೂ ಅಲ್ಲಾಡುತ್ತಿದ್ದುದನ್ನು ಭವ್ಯಶ್ರೀ ಕಂಡಳು. ಕೊನೆಯ ಗೆಣ್ಣಿಗೆ ಅವಳ ಹೆಬ್ಬೆರಳು ತಲುಪುವ ಮೊದಲೇ ಅವನು ಚಪ್ಪಲಿ ಬಿಟ್ಟು, ಬಿಳಿ ಪ್ಯಾಂಟಿನಲ್ಲೇ ಕೆಸರಿಗೆ ಇಳಿದ.

"ಆ ಹಗ್ಗ ಬಿಚ್ಚು ಮಲ್ಲಿನಾಥ. ತಳ್ಳು."

"ಪೈಂಟು, ಸಾಹುಕಾರ್ರ?"

"ಪೈಂಟು ಹೋಗ್ಲಿ."

ಹೊಸ ಬೋಟು ಪಕ್ಕದ್ದಕ್ಕೆ ಉಜ್ಜಿ, ಉದ್ದನೆಯ ಗೀರು ಬಿದ್ದು, ನದಿಗೆ ಸರಿಯಿತು. ಅಣ್ಣು ಕೋಲು ಊರಿದ. ದೋಣಿ ನೆಟ್ಟಗೆ ಬಂದು ಮೆಟ್ಟಿಲಿಗೆ ತಾಗಿತು. ಆನ್ಸಿಲ್ಲಾ ಬಾಯಿ ಆರು ಮಂದಿಯ ಹೆಗಲ ಮೇಲೆ, ಒಂದು ಹನಿ ಕೆಸರು ತಾಗದೆ, ದಡ ಹತ್ತಿದರು.

*

ಪೂಜೆ ಮುಗಿದು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ, ಕಡವಿಗೆ ಮರಳುವಾಗ ಬಿಸಿಲು ಇಳಿದಿತ್ತು. ಹೆರಾಲ್ಡ್ ಮೆಟ್ಟಿಲ ತುದಿಯಲ್ಲಿ ನಿಂತುಬಿಟ್ಟ.

"ದೋಣಿ ಎಲ್ಲಿ?"

ಸಂದು ಖಾಲಿಯಾಗಿತ್ತು. ಸುಕೇಶ್, ಬಾಯಿ ಕೂರುತ್ತಿದ್ದ ಮೆಟ್ಟಿಲ ಮೇಲೆ, ಸೊಂಟದವರೆಗೆ ಕೆಸರು ಒಣಗಿದ ಪ್ಯಾಂಟಿನಲ್ಲಿ ಕುಳಿತಿದ್ದ. ಹೆಬ್ಬೆರಳು ಇನ್ನೂ ಬೆರಳಿನ ಗೆಣ್ಣಿನ ಮೇಲಿತ್ತು.

"ಬಿಚ್ಚಿದೆ," ಎಂದ. "ನೀವು ಕಾಂಡ್ಲಾಕ್ಕೆ ಕಟ್ಟದೆ ಹೋದಿರಿ."

"ಅಮ್ಮನನ್ನು ತಂದ ದೋಣಿಯನ್ನೇ?"

"ಯಾರದ್ದಾದ್ರೆ ಎಂತ ಪೊರ್ಬುಗಳೇ? ನನ್ನ ಗೆಸ್ಟುಗಳನ್ನು ಬಿಟ್ಟಿದ್ರಾ ಅವರು?"

ಹೆರಾಲ್ಡ್ ಅವನನ್ನೇ ನೋಡಿದ. ಆಮೇಲೆ ಅವನ ಭುಜ ಕುಲುಕಿತು. ಅಳುತ್ತಿದ್ದಾನೆಂದು ಅಣ್ಣು ಬೆನ್ನಿಗೆ ಕೈಯಿಟ್ಟ. ಅವನು ನಗುತ್ತಿದ್ದ.

ನದಿಯ ನಡುವೆ, ಇಳಿತದ ನೀರಿನಲ್ಲಿ, ಆನ್ಸಿಲ್ಲಾ ಬಾಯಿಯನ್ನು ತಂದ ದೋಣಿ ಹಗ್ಗ ಎಳೆದುಕೊಂಡು ನಿಧಾನ ಸುತ್ತುತ್ತ ಹೋಗುತ್ತಿತ್ತು. ಅದರ ಹಲಗೆಯ ಮೇಲೆ ಒಂದು ಬಿಳಿ ಸೇವಂತಿಗೆ ಮಾಲೆ. ಡ್ರೈವರ್ ಚಾವಿ ತಂದು ಹೊಸ ಬೋಟು ಸ್ಟಾರ್ಟ್ ಮಾಡಿದ್ದ, ಮಲ್ಲಿನಾಥ ಕೊಕ್ಕೆ ಹಿಡಿದು ದೋಣಿಯ ಹಿಂದೆ ಹೊರಟಿದ್ದ. ಅಷ್ಟರಲ್ಲಿ ಅಪ್ಪಿ ಕುದ್ರುವಿನಿಂದ ಖಾಲಿ ಗ್ಯಾಸ್ ಸಿಲಿಂಡರ್ ಹಾಕಿಕೊಂಡು ಬಂದು ಸಂದಿನೊಳಗೆ ದೋಣಿ ನುಗ್ಗಿಸಿದಳು. ಕಬ್ಬಿಣದ ಬಳೆಗೆ ಹಗ್ಗ ಬಿಗಿದು, ಮೆಟ್ಟಿಲ ಕಡೆ ನೋಡಿದಳು.

ಸುಕೇಶ್ ಸ್ವಲ್ಪ ಸರಿದು ಕುಳಿತು ಜಾಗ ಮಾಡಿದ. ಭವ್ಯಶ್ರೀ ಅವನ ಪಕ್ಕ ಕುಳಿತಳು. ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿಗೆ ತಂದಳು.